ನೀರಿಗೆ ನೆಟ್ಟ ಗೂಟ

ವೇರ್-ಸುರ್-ಮಾರ್ನ್, ಪ್ಯಾರಿಸ್ ಹತ್ತಿರ
11 ಆಗಸ್ಟ್ 2024

ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ಕನ್ನಂಬಾಡಿ ಕಟ್ಟೆ ತುಂಬಿ ಹೊಳೆಗೆ ನೀರು ಬಿಟ್ಟಿರುವ ಸುದ್ದಿ ಅಮ್ಮ ಹೇಳಿದರು. ನಿನ್ನೆ ಟಿ.ವಿ.ಯಲ್ಲಿ ಒಲಿಂಪಿಕ್ಸಿನ ಹೆಣ್ಣುಮಕ್ಕಳ ಕಯಾಕ್, ಅಂದರೆ ಸಪೂರ ದೋಣಿಯ ಓಟದ ಫೈನಲ್ ನೋಡಿ ನೀವು, "ಏನು ತೋಳಪ್ಪಾ, ಎಲ್ಲಾ ತೋಳಿನ ಕಸುವೇ" ಅಂದಿರಂತೆ. ಅದೊಂದನ್ನು ಮಾತ್ರ ನಾನು ಒಪ್ಪುವುದಿಲ್ಲ. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೇ ಈ ಕಾಗದ.

ಸಂಗಮದಲ್ಲಿ ನೀರು ಕಡಿಮೆಯಿದ್ದಾಗ ಅಂಬಿಗರು ಹುಟ್ಟು ಬಿಟ್ಟು ಬಿದಿರು ಗಳ ಹಿಡಿಯುತ್ತಾರಲ್ಲ, ಅದನ್ನು ನೆನೆಸಿಕೊಳ್ಳಿ. ಗಳ ನೆಲಕ್ಕೆ ಊರಿ ನಿಂತಿರುತ್ತದೆ, ಜರುಗುವುದು ಹರಿಗೋಲು. ಕಯಾಕಿನಲ್ಲೂ ಹಾಗೇ, ಆದರೆ ಊರಲು ನೆಲವಿಲ್ಲ. ಹುಟ್ಟಿನ ಅಲಗನ್ನು ನೀರಿನಲ್ಲೇ ಗೂಟದಂತೆ ನೆಟ್ಟು, ಆ ಗೂಟದ ಕಡೆಗೆ ದೋಣಿಯನ್ನು ತರಬೇಕು. ಅಲಗು ಹಿಂದಕ್ಕೆ ಜಾರಿದಷ್ಟೂ ನಷ್ಟ. ದೋಣಿಯ ಆಕಾರ, ಸೀಟು, ಪಾದ ಊರುವ ಕಾಲು ಹಲಗೆ ಎಲ್ಲವೂ ಆ ಗೂಟ ಅಲ್ಲಾಡದಿರಲಿ ಎಂದೇ ಇರುವುದು. ತೋಳು ಬರೀ ಹಗ್ಗ. ಎಳೆಯುವ ಎತ್ತು ಎಂದರೆ ಕಾಲು ಮತ್ತು ಸೊಂಟ.

ಬಲಗಡೆ ಹುಟ್ಟು ಹಾಕುವಾಗ ಬಲ ಭುಜ ಮುಂದಕ್ಕೆ ತಿರುಗಿರುತ್ತದೆ, ಬಲ ಮೊಣಕಾಲು ಮಡಿಚಿರುತ್ತದೆ. ಅಲಗು ಪಾದದ ನೇರಕ್ಕೆ, ದೋಣಿಯ ಮಗ್ಗುಲಿಗೆ ತೀರ ಹತ್ತಿರ ನೀರಿಗಿಳಿಯಬೇಕು. ಪೂರ್ತಿ ಮುಳುಗುವ ಮೊದಲೇ ಎಳೆದರೆ ಅಲಗಿನ ಹಿಂದೆ ಗಾಳಿ ಸೇರಿಕೊಂಡು ಗೂಟ ಸಡಿಲವಾಗುತ್ತದೆ. ಟಿ.ವಿ.ಯಲ್ಲಿ ನೀರು ಜೋರಾಗಿ ಎರಚುವುದು ಕಂಡರೆ ಅದು ಕಸುವಲ್ಲ, ಪೋಲು. ಅಲಗು ಮುಳುಗಿದ ಕೂಡಲೇ ಬಲಗಾಲು ಹಲಗೆಯನ್ನು ಒದೆಯುತ್ತದೆ, ಸೊಂಟ ತಿರುಗುತ್ತದೆ, ಮೊಣಕೈ ಹೆಚ್ಚುಕಡಿಮೆ ನೆಟ್ಟಗೇ ಇರುತ್ತದೆ. ಅದೇ ಹೊತ್ತಿಗೆ ಎಡಗಾಲು ಪಾದದ ಮೇಲಿನ ಪಟ್ಟಿಯನ್ನು ತನ್ನ ಕಡೆಗೆ ಎಳೆಯುತ್ತದೆ. ಆ ಪಟ್ಟಿ ಇಲ್ಲದಿದ್ದರೆ ಸೊಂಟ ಅರ್ಧವೇ ತಿರುಗೀತು. ಅಲಗು ಸೊಂಟದ ನೇರಕ್ಕೆ ಬಂದಾಗ ಹೊರಗೆ ಬಂದುಬಿಡಬೇಕು. ಇನ್ನೂ ಹಿಂದಕ್ಕೆ ಎಳೆದರೆ ನೀರನ್ನು ಮೇಲಕ್ಕೆತ್ತಿದಂತಾಗಿ ದೋಣಿಯ ಹಿಂಭಾಗ ತಗ್ಗುತ್ತದೆ, ಓಟಕ್ಕೆ ಬ್ರೇಕು ಬೀಳುತ್ತದೆ.

ಹುಟ್ಟಿನ ಅಲಗೂ ನಮ್ಮಲ್ಲಿಯಂತೆ ಚಪ್ಪಟೆ ಹಲಗೆಯಲ್ಲ. ವಿಮಾನದ ರೆಕ್ಕೆಯಂತೆ ಒಂದು ಅಂಚು ಬಾಗಿದೆ, ಹೆಸರೇ ವಿಂಗ್. 1980ರ ದಶಕದಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ್ದು. ಇದನ್ನು ದೋಣಿಯ ಪಕ್ಕದಲ್ಲೇ ನೇರ ಹಿಂದಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಓರೆಯಾಗಿ ಸಾಗಲು ಬಿಡುತ್ತಾರೆ. ಆಗ ಅಲಗು ಪ್ರತಿ ಕ್ಷಣವೂ ಕದಡದ ಹೊಸ ನೀರನ್ನು ಕಚ್ಚುತ್ತದೆ. ಹಳೇ ಅಭ್ಯಾಸದವರು ವಿಂಗ್ ಹಿಡಿದು ನೇರ ಎಳೆದರೆ ಆ ಲಾಭ ಸಿಗುವುದಿಲ್ಲ. ಹೆಂಗಸರ ಹುಟ್ಟು ಸಾಮಾನ್ಯವಾಗಿ 2 ಮೀಟರ್ 10 ಸೆಂಟಿಮೀಟರಿನ ಆಸುಪಾಸು, ಕಾರ್ಬನ್ ಫೈಬರಿನದು. ಎರಡೂ ತುದಿಯ ಅಲಗುಗಳನ್ನು ಒಂದಕ್ಕೊಂದು ತಿರುಚಿ ಕೂರಿಸಿರುತ್ತಾರೆ. ಒಂದು ನೀರಿನಲ್ಲಿದ್ದಾಗ ಇನ್ನೊಂದು ಎದುರುಗಾಳಿಯನ್ನು ಸೀಳಿಕೊಂಡು ಹೋಗಲಿ ಎಂದು.

ಇನ್ನು ದೋಣಿ. ಒಬ್ಬಳೇ ಕೂರುವ ಕೆ1 ಉದ್ದ ಹೆಚ್ಚೆಂದರೆ 5.20 ಮೀಟರ್, ತೂಕ ಕನಿಷ್ಠ 12 ಕಿಲೋ. ಅಡುಗೆಮನೆಯ ಖಾಲಿ ಗ್ಯಾಸ್ ಸಿಲಿಂಡರಿಗಿಂತ ಹಗುರ! ಇಬ್ಬರು ಕೂರುವ ಕೆ2 ಎಂದರೆ 6.50 ಮೀಟರ್, 18 ಕಿಲೋ. ನಾಲ್ವರು ಕೂರುವ ಕೆ4 ಎಂದರೆ 11 ಮೀಟರ್, 30 ಕಿಲೋ. ತಕ್ಕಡಿಯಲ್ಲಿ ಕಡಿಮೆ ಬಂದರೆ ಗೆದ್ದ ಓಟವೂ ಹೋಯಿತು. ಹಾಗಾಗಿ ಹಗುರವಾದ ದೋಣಿಗೆ ಒಳಗೆ ತೂಕದ ತುಂಡು ಭದ್ರವಾಗಿ ಅಂಟಿಸುತ್ತಾರೆ. ಅಗಲದ ವಿಚಾರ ಇನ್ನೂ ತಮಾಷೆ. ಮೊದಲು ಕೆ1ಗೆ ಕನಿಷ್ಠ 51 ಸೆಂಟಿಮೀಟರ್ ಅಗಲ ಇರಲೇಬೇಕೆಂಬ ನಿಯಮವಿತ್ತು. ದೋಣಿ ಕಟ್ಟುವವರು ಬಿಡುತ್ತಾರೆಯೇ? ನೀರಿಗೆ ತಾಗದ ಹಾಗೆ ಸೀಟಿನ ಹಿಂದೆ ಎರಡು ಕಿವಿ ಎಳೆದು ಅಳತೆ ತೋರಿಸಿಬಿಟ್ಟರು. 2000ದ ಸಿಡ್ನಿ ಒಲಿಂಪಿಕ್ಸ್ ಆದಮೇಲೆ ಆ ನಿಯಮವನ್ನೇ ತೆಗೆದರು. ಈಗಿನ ದೋಣಿ ಒಂದು ಮೊಳವೂ ಅಗಲವಿಲ್ಲ.

ಅದಕ್ಕೇ ಅದು ನಿಲ್ಲುವುದಿಲ್ಲ. ಹರಿಗೋಲು ಬುಗುರಿಯಂತೆ ಸುತ್ತುತ್ತದೆ, ಆದರೆ ಸುಲಭಕ್ಕೆ ಮಗುಚುವುದಿಲ್ಲ. ಇದು ಬಾಣದಂತೆ ನೆಟ್ಟಗೆ ಹೋಗುತ್ತದೆ, ನಿಂತರೆ ಮಗುಚುತ್ತದೆ. ಥೇಟ್ ಸೈಕಲ್ಲು. ಸೀಟು ಒಂದು ಸೆಂಟಿಮೀಟರ್ ಎತ್ತರಿಸಿದರೆ ಹುಟ್ಟಿಗೆ ಹಿಡಿತ ಚೆನ್ನಾಗಿ ಸಿಗುತ್ತದೆ, ಆದರೆ ಓಲಾಟ ಹೆಚ್ಚುತ್ತದೆ. ಕಾಲು ಹಲಗೆ ಹತ್ತಿರವಾದರೆ ಮೊಣಕಾಲು ಕೈಗೆ ಬಡಿಯುತ್ತದೆ. ದೂರವಾದರೆ ಕಾಲು ಆಗಲೇ ಚಾಚಿರುವುದರಿಂದ ಒದೆಯಲು ಏನೂ ಉಳಿಯುವುದಿಲ್ಲ. ದಿಕ್ಕು ತಿದ್ದುವುದೂ ಪಾದದಿಂದಲೇ. ಎರಡು ಪಾದಗಳ ನಡುವಿನ ಕಡ್ಡಿಯಿಂದ ತಂತಿ ಹಿಂದಿನ ಚುಕ್ಕಾಣಿಗೆ ಹೋಗಿರುತ್ತದೆ. ಆ ಚುಕ್ಕಾಣಿಗೆ ಒಂದೆಳೆ ಪಾಚಿ ಸಿಕ್ಕಿಕೊಂಡರೆ ದೋಣಿಗೆ ಯಾರೋ ಹಿಂದಿನಿಂದ ಹಗ್ಗ ಕಟ್ಟಿದ ಹಾಗೆ. ಕೂತವಳಿಗೆ ಅದು ಕಾಣುವುದಿಲ್ಲ, ತನಗೇ ಸುಸ್ತಾಯಿತೆಂದು ತಿಳಿಯುತ್ತಾಳೆ. ಪಾಚಿಯಿರುವ ಕೆರೆಯಾದರೆ ಚುಕ್ಕಾಣಿಯ ಮುಂದೆ ಪಾಚಿ ಸರಿಸುವ ಒಂದು ಸಣ್ಣ ರೆಕ್ಕೆ ಅಂಟಿಸುವುದುಂಟು.

ಓಟ 500 ಮೀಟರ್. ಲೇನಿನ ಅಗಲ 9 ಮೀಟರ್. ಪಕ್ಕದ ದೋಣಿಗೆ 5 ಮೀಟರಿಗಿಂತ ಹತ್ತಿರ ಹೋಗುವಂತಿಲ್ಲ, ಏಕೆಂದರೆ ಮುಂದಿನ ದೋಣಿ ಎಬ್ಬಿಸುವ ಅಲೆಯ ಮೇಲೆ ಕೂತರೆ ಬಿಟ್ಟಿ ಸವಾರಿ ಸಿಗುತ್ತದೆ. ಶುರುವಿನಲ್ಲಿ ಪ್ರತಿ ದೋಣಿಯ ಮೂತಿಯೂ ಒಂದು ಗೂಡಿನಲ್ಲಿ ಸಿಕ್ಕಿರುತ್ತದೆ, ಸಂಕೇತ ಆದಾಗ ಗೂಡು ನೀರಿನೊಳಕ್ಕೆ ಬೀಳುತ್ತದೆ. ಅದಕ್ಕೂ ಮೊದಲೇ ಜೋರು ಮಾಡಿದವಳು ಗೂಡಿಗೆ ಗುದ್ದಿಕೊಂಡು ವೇಗ ಕಳೆದುಕೊಳ್ಳುತ್ತಾಳೆ. ನಿಂತ ದೋಣಿಯನ್ನು ಎಬ್ಬಿಸಲು ಮೊದಲ ನಾಲ್ಕೈದು ಹುಟ್ಟು ಚಿಕ್ಕದಾಗಿ, ಭಾರವಾಗಿ ಬೀಳಬೇಕು. ಆಮೇಲೆ ನಿಮಿಷಕ್ಕೆ 130 ಹುಟ್ಟು ದಾಟಿದ ಲಯ ನಿಧಾನಕ್ಕೆ ಇಳಿದು 110ರಿಂದ 120ರ ನಡುವೆ ನಿಲ್ಲುತ್ತದೆ.

ಸೋಲು ಗೆಲುವು ಸಾಮಾನ್ಯವಾಗಿ 300 ಮೀಟರ್ ದಾಟಿದ ಮೇಲೆ. ಮೊದಲು ಕೈಕೊಡುವುದು ಕಾಲು. ಕಾಲು ಒದೆಯದಿದ್ದರೆ ಸೊಂಟ ತಿರುಗುವುದಿಲ್ಲ, ಆಗ ಆಕೆಗೆ ಉಳಿಯುವುದು ನೀವು ಹೊಗಳಿದ ಆ ತೋಳು ಮಾತ್ರ. ಲಯ ಹಾಗೇ ಇರುತ್ತದೆ, ನೋಡುವವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಆದರೆ ಗೂಟ ಜಾರುತ್ತಿರುತ್ತದೆ. ಮುಂದಿನ ಸಲ ಕೈ ನೋಡಬೇಡಿ, ಮೊಣಕಾಲು ನೋಡಿ. ಅವು ಏರಿಳಿಯುವುದು ನಿಂತಿತೆಂದರೆ ಆ ದೋಣಿ ಹಿಂದೆ ಬೀಳುವುದನ್ನು ಎಣಿಸಿಕೊಳ್ಳಬಹುದು.

ನಿನ್ನೆ ಗೆದ್ದ ನ್ಯೂಜಿಲೆಂಡಿನ ಲೀಸಾ ಕ್ಯಾರಿಂಗ್ಟನ್ ಅವರ ಮೊಣಕಾಲು ಕೊನೆಯವರೆಗೂ ನಿಲ್ಲಲಿಲ್ಲ. 1 ನಿಮಿಷ 47.36 ಸೆಕೆಂಡು. ಎರಡನೆಯವರು ಹಂಗೇರಿಯ ತಮಾರಾ ಚಿಪೇಶ್, 1:48.44. ಕಾಗದದ ಮೇಲೆ ಒಂದು ಸೆಕೆಂಡು ಚಿಲ್ಲರೆ. ನೀರಿನ ಮೇಲೆ ಹೆಚ್ಚುಕಡಿಮೆ ಒಂದು ದೋಣಿಯ ಉದ್ದ. ಮೂರನೆಯವರು ಡೆನ್ಮಾರ್ಕಿನ ಎಮ್ಮಾ ಯೋರ್ಗೆನ್ಸನ್. ಮೂರು ವರ್ಷದ ಹಿಂದೆ ಟೋಕಿಯೋದಲ್ಲೂ ಇದೇ ಮೂವರು, ಇದೇ ಕ್ರಮದಲ್ಲಿ. ಲೀಸಾ ಅವರಿಗೆ ಇದು ಎಂಟನೇ ಒಲಿಂಪಿಕ್ ಚಿನ್ನ. 1980ರಿಂದ 2004ರವರೆಗೆ ಜರ್ಮನಿಯ ಬಿರ್ಗಿಟ್ ಫಿಷರ್ ಗೆದ್ದ ಚಿನ್ನಗಳೂ ಎಂಟೇ.

ಕೆ4 ನನಗೆ ಇದಕ್ಕಿಂತ ಚೆಂದ. ನ್ಯೂಜಿಲೆಂಡಿನವರು 1:32.20ಕ್ಕೆ ಮುಗಿಸಿದರು, ಗಂಟೆಗೆ ಹತ್ತೊಂಬತ್ತು ಕಿಲೋಮೀಟರ್ ದಾಟಿದ ವೇಗ. ಮುಂದೆ ಕೂತವಳು ಲಯ ಹಾಕುತ್ತಾಳೆ, ಚುಕ್ಕಾಣಿಯೂ ಅವಳದೇ. ಕಷ್ಟ ಹಿಂದಿನವಳದು. ಮುಂದಿನ ಮೂವರು ಕದಡಿಬಿಟ್ಟ, ಆಗಲೇ ಹಿಂದಕ್ಕೆ ಓಡುತ್ತಿರುವ ನೀರಿನಲ್ಲಿ ಅವಳು ಗೂಟ ನೆಡಬೇಕು. ಒಬ್ಬಳ ಅಲಗು ಚೂರು ತಡವಾಗಿ ಇಳಿದರೂ ದೋಣಿ ಆ ಕಡೆಗೆ ವಾಲುತ್ತದೆ, ಉಳಿದ ಮೂವರ ಕಸುವು ಓಟ ಬಿಟ್ಟು ಸಮತೋಲಕ್ಕೆ ಖರ್ಚಾಗುತ್ತದೆ. ನಾಟಿ ಸಾಲಿನಲ್ಲಿ ಒಬ್ಬಳು ಹಿಂದುಳಿದರೆ ಹಗ್ಗವೇ ಸೊಟ್ಟಗಾದಂತೆ.

ಗೆರೆಯ ಹತ್ತಿರ ಎಲ್ಲರೂ ಯಾಕೆ ಹಿಂದಕ್ಕೆ ಬೀಳುತ್ತಾರೆ ಎಂದು ಅಮ್ಮ ಕೇಳಿದ್ದರು. ಸುಸ್ತಾಗಿ ಅಲ್ಲ. ಮೊದಲು ಗೆರೆ ಮುಟ್ಟಬೇಕಾದದ್ದು ದೋಣಿಯ ಮೂತಿ, ತಲೆಯಲ್ಲ. ಕೊನೆಯ ಹುಟ್ಟಿಗೆ ಮೈ ಹಿಂದಕ್ಕೆ ಹಾಕಿ ಕಾಲಿನಿಂದ ದೋಣಿಯನ್ನು ಮುಂದಕ್ಕೆ ತಳ್ಳುತ್ತಾರೆ. ಒಂದು ಹುಟ್ಟು ಮೊದಲೇ ತಳ್ಳಿದರೆ ವೇಗ ಸಾಯುತ್ತದೆ. ಕೆ2 ಫೈನಲಿನಲ್ಲಿ ಕಂಚಿಗೆ ಜರ್ಮನಿಯ ಒಂದು ದೋಣಿ, ಹಂಗೇರಿಯ ಒಂದು ದೋಣಿ ಫೋಟೋದಲ್ಲೂ ಬೇರೆಯಾಗದೆ ಇಬ್ಬರಿಗೂ ಪದಕ ಕೊಟ್ಟರು.

ಸ್ಪ್ರಿಂಟ್ ಎನ್ನುವ ಈ ನೇರ ಓಟದಲ್ಲಿ ಈ ಸಲ ನಮ್ಮ ದೇಶದ ದೋಣಿ ಇರಲಿಲ್ಲ. ಮುಂದಿನ ತಿಂಗಳು ಇದೇ ನೀರಿನಲ್ಲಿ ಪ್ಯಾರಾಲಿಂಪಿಕ್ಸಿನ ಓಟಗಳಿವೆ, ಗ್ವಾಲಿಯರಿನ ಪ್ರಾಚಿ ಯಾದವ್ ಬರುತ್ತಾರೆ. ಟಿ.ವಿ.ಯಲ್ಲಿ ಬಂದರೆ ತಪ್ಪದೆ ನೋಡಿ.

ಪುಟ್ಟಿ ಕಲಿಯಬೇಕೆನ್ನುತ್ತಿದ್ದಾಳಲ್ಲ, ಅವಳಿಗೆ ಎರಡು ಮಾತು. ವರುಣಾ ಕೆರೆಯಲ್ಲಿ ಸಿಗುವಂಥ ಅಗಲದ ಪ್ಲಾಸ್ಟಿಕ್ ಕಯಾಕಿನಲ್ಲೇ ಶುರು ಮಾಡಲಿ, ಲೈಫ್ ಜಾಕೆಟ್ ಹಾಕಿಕೊಂಡೇ. ಹುಟ್ಟನ್ನು ತಲೆಯ ಮೇಲೆ ಅಡ್ಡ ಹಿಡಿದಾಗ ಎರಡೂ ಮೊಣಕೈ ಮೂಲೆಮಟ್ಟದಂತೆ ಬಾಗಿರಬೇಕು, ಕೈ ಹಿಡಿಯುವ ಜಾಗ ಅದೇ. ಕಣ್ಣು ಅಲಗಿನ ಮೇಲೆ ಬೇಡ, ದೂರದ ದಡದ ಮೇಲಿರಲಿ. ಅಲಗು ನೋಡಿದವರು ಆ ಕಡೆಗೇ ಬೀಳುತ್ತಾರೆ. ಓಲಾಡಿತೆಂದು ಹೆದರಿ ಕೈ ನಿಲ್ಲಿಸಬಾರದು, ಇನ್ನೊಂದು ಹುಟ್ಟು ಹಾಕಬೇಕು. ಮಗುಚಿದರೆ ದೋಣಿ ಬಿಡದೆ ಹಿಡಿದುಕೊಂಡೇ ದಡಕ್ಕೆ ಈಜಲಿ.

ಆದರೆ ಹೊಳೆಯಲ್ಲಿ ಈಗ ಖಂಡಿತ ಬೇಡ. ಕಟ್ಟೆಯಿಂದ ಬಿಡುವ ನೀರು ಇಳಿದು ಸಂಗಮದ ಮೆಟ್ಟಿಲು ಕಾಣುವವರೆಗೆ ಹರಿಗೋಲನ್ನೂ ಯಾರೂ ಇಳಿಸಬೇಡಿ. ಅಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು