ಕ್ಲೋಸ್ ಮಾಡಿದ ಮೇಲೂ ಓಡುವ ನಿಮ್ಮ ಸಾಫ್ಟ್‌ವೇರ್, ಖಾಲಿಯಾಗುವ ನನ್ನ ಬ್ಯಾಟರಿ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ನಿಮ್ಮ ಪಿಡಿಎಫ್ ಸಾಫ್ಟ್‌ವೇರ್ ಹಿನ್ನೆಲೆಯಲ್ಲಿ ಓಡುತ್ತಾ ಲ್ಯಾಪ್‌ಟಾಪ್ ಬ್ಯಾಟರಿ ಖಾಲಿ ಮಾಡುತ್ತಿರುವ ಬಗ್ಗೆ ದೂರು

ಮಾನ್ಯರೇ,

ಮೂರು ವರ್ಷದಿಂದ ನಾನು ನಿಮ್ಮ ಚಂದಾದಾರ. ನಿಮ್ಮ ಸಾಫ್ಟ್‌ವೇರ್ ನನಗೆ ಬೇಕಾಗುವುದು ತಿಂಗಳಿಗೆ ಎರಡೇ ಸಲ. ಯಾವುದೋ ಕಾಗದಕ್ಕೆ ಸಹಿ ಹಾಕಬೇಕು, ನಾಲ್ಕು ಪುಟ ಜೋಡಿಸಬೇಕು, ಅಷ್ಟೇ. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ, ಅದರ ಬಗ್ಗೆ ತಕರಾರಿಲ್ಲ. ನನ್ನ ತಕರಾರು ಉಳಿದ 28 ದಿನಗಳದ್ದು.

ಕಳೆದ ತಿಂಗಳು ನನಗೊಂದು ಆನ್‌ಲೈನ್ ಸಂದರ್ಶನವಿತ್ತು. ಚಾರ್ಜರ್ ಜೊತೆಗಿರಲಿಲ್ಲ. ಬೆಳಿಗ್ಗೆ ಬ್ಯಾಟರಿ 100 ಇತ್ತು, ಹಾಗಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಎರಡೂವರೆ ಗಂಟೆ ಕೂತು ಟಿಪ್ಪಣಿ ಬರೆದೆ. ಬೇರೇನೂ ತೆರೆದಿರಲಿಲ್ಲ. ಸಂದರ್ಶನ ಶುರುವಾಗಿ 40 ನಿಮಿಷಕ್ಕೆ, ನಾನು ಒಂದು ಉತ್ತರದ ನಡುವೆ ಇದ್ದಾಗ ಪರದೆ ಕಪ್ಪಾಯಿತು. ಫೋನಿನಿಂದ ಮತ್ತೆ ಸೇರುವ ಹೊತ್ತಿಗೆ ಅವರು ಮುಂದಿನವರನ್ನು ಕರೆದಾಗಿತ್ತು. ಆ ಕೆಲಸ ಸಿಗದೇ ಇರುವುದಕ್ಕೆ ನೀವೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆ ಉತ್ತರವೂ ಅಷ್ಟೇನೂ ಚೆನ್ನಾಗಿ ಬರುತ್ತಿರಲಿಲ್ಲ. ಆದರೆ ಅದೇ ಲ್ಯಾಪ್‌ಟಾಪ್‌ನಲ್ಲಿ ಮುಂಚೆ ಇಷ್ಟು ಕೆಲಸ ಮುಗಿದ ಮೇಲೂ ಬ್ಯಾಟರಿ ಇನ್ನೂ ಮಿಗುತ್ತಿತ್ತು.

ಮೊದಲು ಬ್ಯಾಟರಿಗೆ ವಯಸ್ಸಾಯಿತು ಅಂದುಕೊಂಡೆ. ವಿಂಡೋಸ್‌ನಲ್ಲಿ ಪವರ್‌ಸಿಎಫ್‌ಜಿ ಅಂತ ಒಂದು ಆಜ್ಞೆ ಇದೆ. ಅದರಿಂದ ಬ್ಯಾಟರಿ ವರದಿ ತೆಗೆದು ನೋಡಿದೆ. ಹೊಸದಿದ್ದಾಗ 50 ವ್ಯಾಟ್-ಅವರ್ ಹಿಡಿಯುತ್ತಿದ್ದ ಬ್ಯಾಟರಿ ಈಗ 41 ಹಿಡಿಯುತ್ತಿದೆ. ಸವೆದಿದೆ, ನಿಜ. ಆದರೆ ಐದಾರು ಗಂಟೆ ಬರುತ್ತಿದ್ದದ್ದು ಮೂರೂವರೆಗೆ ಇಳಿಯುವಷ್ಟು ಸವೆದಿಲ್ಲ. ಆಮೇಲೆ ಯಾವ ಯಾವ ಪ್ರೋಗ್ರಾಂ ಓಡುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದೆ. ಅಲ್ಲಿ ನಿಮ್ಮ ಕಂಪನಿಯ ಹೆಸರಿನಲ್ಲಿ ನಾಲ್ಕು ಪ್ರೋಗ್ರಾಂಗಳು ಓಡುತ್ತಿದ್ದವು. ನಾನು ನಿಮ್ಮ ಸಾಫ್ಟ್‌ವೇರ್ ತೆರೆದು ಒಂಬತ್ತು ದಿನವಾಗಿತ್ತು!

ಒಂದು ಅಪ್‌ಡೇಟ್ ಹುಡುಕುವುದು. ಇನ್ನೊಂದು ಕ್ಲೌಡ್‌ಗೆ ಫೈಲ್ ಕಳಿಸುವುದು (ನಾನು ಕ್ಲೌಡ್ ಖಾತೆಯನ್ನೇ ತೆರೆದಿಲ್ಲ). ಮತ್ತೊಂದು ಬಳಕೆಯ ಮಾಹಿತಿ ನಿಮಗೆ ತಲುಪಿಸುವುದು. ನಾಲ್ಕನೆಯದರ ಹೆಸರು ‘ಸಹಾಯಕ’ ಅಂತಿದೆ. ಅದು ಯಾರಿಗೆ ಸಹಾಯ ಮಾಡುತ್ತಿದೆ ಅನ್ನುವುದು ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಸುಮ್ನೆ ಅನುಮಾನದ ಮೇಲೆ ದೂರು ಕೊಡಬಾರದು ಅಂತ ಎರಡು ದಿನ ಅಳೆದು ನೋಡಿದೆ. ಅದೇ ಬ್ರೈಟ್‌ನೆಸ್, ಅದೇ ವೈಫೈ, ಎರಡೂ ದಿನ ಒಂದೇ ಕೆಲಸ: ಟೈಪಿಂಗ್. 100ರಿಂದ ಶುರು ಮಾಡಿ 10ಕ್ಕೆ ಇಳಿಯುವ ತನಕ ಲೆಕ್ಕ. ನಿಮ್ಮ ನಾಲ್ಕೂ ಓಡುತ್ತಿದ್ದ ದಿನ 3 ಗಂಟೆ 30 ನಿಮಿಷ ಬಂತು. ನಾಲ್ಕನ್ನೂ ನಿಲ್ಲಿಸಿದ ದಿನ 5 ಗಂಟೆ 30 ನಿಮಿಷ. 41 ವ್ಯಾಟ್-ಅವರ್‌ನ ಶೇ 90ನ್ನು ಆ ಗಂಟೆಗಳಿಂದ ಭಾಗಿಸಿ ನೋಡಿದರೆ, ಏನೂ ಕೆಲಸ ಮಾಡದೆ ನಿಮ್ಮ ಸಾಫ್ಟ್‌ವೇರ್ ಹೆಚ್ಚುಕಡಿಮೆ 4 ವ್ಯಾಟ್ ತಿನ್ನುತ್ತಿದೆ. ನನ್ನ ಇಡೀ ಲ್ಯಾಪ್‌ಟಾಪ್, ಪರದೆಯೂ ಸೇರಿ, 7 ವ್ಯಾಟ್ ಒಳಗೆ ಸಂಸಾರ ಸಾಗಿಸುತ್ತದೆ.

ಇದನ್ನೆಲ್ಲಾ ಬರೆದು ನಿಮ್ಮ ಸಹಾಯವಾಣಿಗೆ ಕಳಿಸಿದೆ. ಮೂರನೇ ದಿನ ಉತ್ತರ ಬಂತು: ಬ್ರೈಟ್‌ನೆಸ್ ಕಡಿಮೆ ಮಾಡಿ, ಬ್ಲೂಟೂತ್ ಆಫ್ ಮಾಡಿ, ಬ್ಯಾಟರಿ ಬದಲಾಯಿಸುವುದನ್ನು ಯೋಚಿಸಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮತ್ತೆ ಕೇಳಿದ್ದಕ್ಕೆ ಇನ್ನೊಬ್ಬರು ಬರೆದರು: ‘ನಮ್ಮ ಪ್ರೋಗ್ರಾಂಗಳು ಪ್ರೊಸೆಸರ್‌ನ ಶೇ 2ರಷ್ಟನ್ನು ಮಾತ್ರ ಬಳಸುತ್ತವೆ, ಇದರಿಂದ ಬ್ಯಾಟರಿಗೆ ತೊಂದರೆಯಾಗದು.’

ಈ ಮಾತು ನನ್ನನ್ನು ಜಾಸ್ತಿ ಕೆರಳಿಸಿತು. ಇದನ್ನು ಹೇಳಿದ್ದು ಸಾಫ್ಟ್‌ವೇರ್ ಮಾಡುವ ಕಂಪನಿ ಅಲ್ವಾ! ಪ್ರೊಸೆಸರ್ ಕರೆಂಟ್ ಉಳಿಸುವುದು ನಿದ್ದೆ ಮಾಡಿ. ಎರಡು ಅಕ್ಷರ ಟೈಪ್ ಮಾಡುವ ನಡುವಿನ ಬಿಡುವಿನಲ್ಲೂ ಅದು ಕಣ್ಣು ಮುಚ್ಚುತ್ತದೆ. ಬಿಡುವು ಉದ್ದವಿದ್ದಷ್ಟೂ ನಿದ್ದೆ ಆಳ, ಖರ್ಚು ಕಡಿಮೆ. ನಿಮ್ಮ ಪ್ರೋಗ್ರಾಂಗಳು ಪ್ರತಿ ಸಲ ಮಾಡುವ ಕೆಲಸ ಚಿಕ್ಕದೇ ಇರಬಹುದು. ಆದರೆ ಸೆಕೆಂಡಿಗೆ ಹತ್ತಾರು ಸಲ ಎಬ್ಬಿಸಿ ‘ಏನಾದರೂ ಹೊಸದು ಬಂತಾ’ ಅಂತ ಕೇಳಿದರೆ ಅದಕ್ಕೆ ಆಳವಾದ ನಿದ್ದೆ ಎಲ್ಲಿಂದ ಬರಬೇಕು? ಮಗು ಮಲಗಿಸಿದ ಮನೆಯ ಬಾಗಿಲನ್ನು ನಿಮಿಷಕ್ಕೊಮ್ಮೆ ಬಡಿದು, ‘ಒಂದೇ ಏಟು ಬಡಿದೆ’ ಅಂದ ಹಾಗಾಯಿತು ಇದು.

ಇದೇನು ಹೊಸ ವಿಷಯವೂ ಅಲ್ಲ. ಯಾವ ಪ್ರೋಗ್ರಾಂ ಎಷ್ಟು ಸಲ ಎಬ್ಬಿಸುತ್ತದೆ ಅಂತ ಲೆಕ್ಕ ಕೊಡುವ ಪವರ್‌ಟಾಪ್ ಅನ್ನುವ ಸಾಧನವನ್ನು ಇಂಟೆಲ್ ಲಿನಕ್ಸ್‌ಗೆ ಕೊಟ್ಟದ್ದು 2007ರಲ್ಲಿ. ಬೇರೆ ಬೇರೆ ಪ್ರೋಗ್ರಾಂಗಳು ಒಟ್ಟಿಗೇ ಎದ್ದು ಒಟ್ಟಿಗೇ ಮಲಗುವ ಹಾಗೆ ಟೈಮರ್‌ಗಳನ್ನು ಜೋಡಿಸುವ ಸೌಲಭ್ಯ ವಿಂಡೋಸ್ 7ರಲ್ಲಿ, ಅಂದರೆ 2009ರಲ್ಲೇ ಬಂತು. ಮ್ಯಾಕ್‌ನಲ್ಲಿ ಹಿನ್ನೆಲೆಯ ಪ್ರೋಗ್ರಾಂಗಳನ್ನು ತೂಕಡಿಸಲು ಬಿಡುವ ಆಪ್ ನ್ಯಾಪ್ 2013ರಿಂದ ಇದೆ. ಲ್ಯಾಪ್‌ಟಾಪ್ ಈಗ ಬ್ಯಾಟರಿ ಮೇಲೆ ಇದೆಯೋ ಚಾರ್ಜರ್ ಮೇಲೆ ಇದೆಯೋ ಅಂತ ಯಾವ ಪ್ರೋಗ್ರಾಂ ಬೇಕಾದರೂ ವಿಂಡೋಸ್‌ಗೆ ಕೇಳಿ ತಿಳಿಯಬಹುದು. ನಿಮ್ಮ ಪ್ರೋಗ್ರಾಂಗಳು ಅದನ್ನು ಕೇಳುವುದೇ ಇಲ್ಲ.

ಇಷ್ಟೇ ಆಗಿದ್ದರೆ ನಾನೇ ಆಫ್ ಮಾಡಿಕೊಂಡು ಸುಮ್ಮನಾಗುತ್ತಿದ್ದೆ. ಮಾಡಿದೆ ಕೂಡ. ಸ್ಟಾರ್ಟಪ್ ಪಟ್ಟಿಯಲ್ಲಿ ನಾಲ್ಕನ್ನೂ ಆಫ್ ಮಾಡಿದೆ. ಒಂದು ವಾರ ನೆಮ್ಮದಿಯಾಗಿತ್ತು. ಆಮೇಲೆ ನಿಮ್ಮ ಅಪ್‌ಡೇಟ್ ಬಂತು, ನಾಲ್ಕೂ ವಾಪಸ್ ಬಂದವು. ಮತ್ತೆ ಆಫ್ ಮಾಡಿದೆ. ಈ ಸಲ ಲ್ಯಾಪ್‌ಟಾಪ್ ರೀಸ್ಟಾರ್ಟ್ ಆದ ಹತ್ತು ನಿಮಿಷಕ್ಕೆ ಮೂರು ಹಾಜರ್. ಮುಂಬಾಗಿಲು ಹಾಕಿದರೆ ಹಿತ್ತಲಿನಿಂದ ಬರುವ ನೆಂಟರ ಕಥೆ. ಹಿತ್ತಲು ಎಲ್ಲಿದೆ ಅಂತ ಹುಡುಕಿದಾಗ ಸಿಕ್ಕಿದ್ದು ಟಾಸ್ಕ್ ಶೆಡ್ಯೂಲರ್, ಅಂದರೆ ಹೇಳಿದ ಹೊತ್ತಿಗೆ ಪ್ರೋಗ್ರಾಂಗಳನ್ನು ತಾನಾಗಿಯೇ ಓಡಿಸುವ ವಿಂಡೋಸ್ ಸೌಲಭ್ಯ. ಅಲ್ಲಿ ನಿಮ್ಮ ಹೆಸರಿನಲ್ಲಿ ಎರಡು ಕೆಲಸಗಳಿದ್ದವು. ಒಂದು ಲಾಗಿನ್ ಆದಾಗ ಏಳುವುದು, ಇನ್ನೊಂದು ಗಂಟೆಗೊಮ್ಮೆ ಏಳುವುದು.

ಈಗ ನಾನು ಹೇಳುವ ಒಂದು ವಿಷಯವನ್ನು ದಯವಿಟ್ಟು ನಿಮ್ಮ ಎಂಜಿನಿಯರ್‌ಗಳಿಗೆ ತೋರಿಸಿ. ಟಾಸ್ಕ್ ಶೆಡ್ಯೂಲರ್‌ನಲ್ಲಿ ಪ್ರತಿ ಕೆಲಸಕ್ಕೂ ಕೆಲವು ಷರತ್ತುಗಳಿರುತ್ತವೆ. ಅದರಲ್ಲಿ ಒಂದು, ‘ಚಾರ್ಜರ್ ಸಿಕ್ಕಿಸಿದ್ದಾಗ ಮಾತ್ರ ಈ ಕೆಲಸ ಶುರು ಮಾಡು’ ಅನ್ನುವುದು. ಅದರ ಕೆಳಗೇ ಇನ್ನೊಂದು, ‘ಬ್ಯಾಟರಿಗೆ ಬದಲಾದರೆ ನಿಲ್ಲಿಸು’. ಪರೀಕ್ಷೆಗೆಂದು ನಾನೇ ಒಂದು ಖಾಲಿ ಕೆಲಸ ಸೃಷ್ಟಿಸಿ ನೋಡಿದೆ. ಆ ಎರಡಕ್ಕೂ ತಾನಾಗಿಯೇ ಟಿಕ್ ಬಿದ್ದಿತ್ತು. ಅಂದರೆ ಯಾರೂ ಏನೂ ಮಾಡದೆ ಬಿಟ್ಟಿದ್ದರೆ ನಿಮ್ಮ ಗಂಟೆಗೊಮ್ಮೆಯ ಕೆಲಸ ನನ್ನ ಬ್ಯಾಟರಿ ತಂಟೆಗೆ ಬರುತ್ತಲೇ ಇರಲಿಲ್ಲ. ನಿಮ್ಮ ಎರಡೂ ಕೆಲಸಗಳಲ್ಲಿ ಆ ಟಿಕ್‌ಗಳು ಇಲ್ಲ.

ಹಾಗಾದರೆ ಯಾರೋ ಕೂತು, ಯೋಚಿಸಿ, ತೆಗೆದಿದ್ದಾರೆ. ಇದು ಮರೆವು ಅಲ್ಲ. ಮರೆತಿದ್ದರೆ ಟಿಕ್ ಇರುತ್ತಿತ್ತು.

ಅಪ್‌ಡೇಟ್ ಬೇಡ ಅಂತ ನಾನು ಹೇಳುತ್ತಿಲ್ಲ. ಪಿಡಿಎಫ್ ಫೈಲ್‌ಗಳ ಮೂಲಕ ವೈರಸ್ ಬರುತ್ತದೆ, ಅದಕ್ಕೆ ತೇಪೆ ಬೇಗ ಸಿಗಬೇಕು, ಒಪ್ಪುತ್ತೇನೆ. ಆದರೆ ನಾನು ಸಾಫ್ಟ್‌ವೇರ್ ತೆರೆದಾಗ ಒಮ್ಮೆ ನೋಡಿದರೆ ಸಾಲದೇ? ಚಾರ್ಜರ್ ಸಿಕ್ಕಿಸಿದಾಗ ದಿನಕ್ಕೊಂದು ಸಲ? ನಿಮ್ಮ ಅಪ್‌ಡೇಟ್ ಬರುವುದು ತಿಂಗಳಿಗೊಂದು. ಅದನ್ನು ಗಂಟೆಗೊಮ್ಮೆ ಹುಡುಕುವುದು ಯಾವ ಅವಸರಕ್ಕೆ?

ನಷ್ಟ ಬರೀ ಒಂದು ದಿನದ ಎರಡು ಗಂಟೆಯದ್ದಲ್ಲ. ಲಿಥಿಯಂ ಬ್ಯಾಟರಿಯ ಆಯಸ್ಸನ್ನು ಅಳೆಯುವುದು ಚಾರ್ಜ್ ಸುತ್ತುಗಳಲ್ಲಿ. ಇವತ್ತು ಅರ್ಧ, ನಾಳೆ ಅರ್ಧ ಖರ್ಚಾದರೂ ಒಂದು ಸುತ್ತು ಮುಗಿದಂತೆ. ನೀವು ಹೆಚ್ಚಾಗಿ ತಿಂದ ಪ್ರತಿ ವ್ಯಾಟ್-ಅವರ್ ಆ ಲೆಕ್ಕಕ್ಕೇ ಸೇರುತ್ತದೆ. ಬ್ಯಾಟರಿ ಬದಲಾಯಿಸಿ ಅಂತ ಸಲಹೆ ಕೊಟ್ಟಿರಲ್ಲ, ಅದು ಬೇಗ ಸವೆಯುವುದರಲ್ಲಿ ನಿಮ್ಮ ಪಾಲೂ ಇದೆ.

ನಾನು ಕೇಳುವುದು ಇಷ್ಟು. ತೆಗೆದ ಟಿಕ್‌ಗಳನ್ನು ಮುಂದಿನ ಅಪ್‌ಡೇಟ್‌ನಲ್ಲಿ ವಾಪಸ್ ಹಾಕಿ. ನಾನು ಸಾಫ್ಟ್‌ವೇರ್ ಕ್ಲೋಸ್ ಮಾಡಿದರೆ ಅದರ ಪರಿವಾರವೂ ಕ್ಲೋಸ್ ಆಗಲಿ. ಕ್ಲೌಡ್ ಖಾತೆ ಇಲ್ಲದವರ ಲ್ಯಾಪ್‌ಟಾಪ್‌ನಲ್ಲಿ ಕ್ಲೌಡ್ ಪ್ರೋಗ್ರಾಂ ಓಡುವುದು ಬೇಡ. ಬಳಕೆಯ ಮಾಹಿತಿ ಬೇಕಿದ್ದರೆ ಕೇಳಿ ತೆಗೆದುಕೊಳ್ಳಿ, ಕೊಟ್ಟರೂ ಕೊಟ್ಟೇನು. ಇವೆಲ್ಲಕ್ಕಿಂತ ಮುಖ್ಯವಾದದ್ದು, ನಾನು ಆಫ್ ಮಾಡಿದ್ದು ಆಫ್ ಆಗಿಯೇ ಇರಬೇಕು. ಇದಕ್ಕೆ ತಂತ್ರಜ್ಞಾನ ಬೇಕಿಲ್ಲ, ಯಂತ್ರ ನನ್ನದು ಅನ್ನುವುದನ್ನು ನೀವು ಒಪ್ಪಿಕೊಂಡರೆ ಸಾಕು.

ಎರಡೂ ದಿನದ ಬ್ಯಾಟರಿ ವರದಿ, ಟಾಸ್ಕ್ ಮ್ಯಾನೇಜರ್ ಮತ್ತು ಟಾಸ್ಕ್ ಶೆಡ್ಯೂಲರ್‌ನ ಸ್ಕ್ರೀನ್‌ಶಾಟ್‌ಗಳು, ನಿಮ್ಮ ಸಹಾಯವಾಣಿಯ ಎರಡು ಉತ್ತರಗಳು, ಎಲ್ಲವನ್ನೂ ಲಗತ್ತಿಸಿದ್ದೇನೆ. 15 ದಿನದೊಳಗೆ ಉತ್ತರ ಬೇಕು. ಬ್ರೈಟ್‌ನೆಸ್ ಬಗ್ಗೆ ಬೇಡ, ಆ ಟಿಕ್ ಬಗ್ಗೆ.

ಅಂದಹಾಗೆ, ನನ್ನ ಚಂದಾ ಈ ತಿಂಗಳ ಕೊನೆಗೆ ಮುಗಿಯುತ್ತದೆ. ತಾನಾಗಿಯೇ ನವೀಕರಣವಾಗುವ ಆಯ್ಕೆಯನ್ನು ನಿನ್ನೆ ರಾತ್ರಿ ಆಫ್ ಮಾಡಿದ್ದೇನೆ. ಇವತ್ತು ಬೆಳಿಗ್ಗೆ ಒಮ್ಮೆ ತೆರೆದು ನೋಡಿದೆ. ಸದ್ಯಕ್ಕೆ ಆಫ್ ಆಗಿಯೇ ಇದೆ.

ಇಂತಿ,
ನಿಮ್ಮ ಚಂದಾದಾರ, ಈ ತಿಂಗಳ ಕೊನೆಯವರೆಗೆ