ಕಾಲುವೆಯ ತಳಕ್ಕೆ ಕಾಂಕ್ರೀಟ್ ಬೇಡ

ಮಾನ್ಯ ಸಂಪಾದಕರೇ,

ನಮ್ಮೂರಿನ ಎರಡು ಕೆರೆಗಳ ನಡುವಿನ ರಾಜಕಾಲುವೆಯ ಮೇಲ್ಭಾಗಕ್ಕೆ ಕಳೆದ ವರ್ಷ ತಳವೂ ಸೇರಿ ಕಾಂಕ್ರೀಟ್ ಹಾಕಿದರು. ಉಳಿದ ಭಾಗಕ್ಕೂ ಈಗ ಸುಣ್ಣದ ಗುರುತು ಬಿದ್ದಿದೆ. ವಿಚಾರಿಸಿದರೆ ‘ನೀರು ಸರಾಗವಾಗಿ ಹರಿಯಬೇಕಲ್ಲ ಸಾರ್’ ಎನ್ನುತ್ತಾರೆ. ಅಷ್ಟು ಅವಸರವಾಗಿ ಹರಿದು ಅದು ಎಲ್ಲಿಗೆ ಹೋಗಬೇಕು?

ಈ ಕಾಲುವೆಯಲ್ಲಿ ಹರಿಯುವುದು ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ನೀರು, ಅಂದರೆ ಬೆಂಗಳೂರಿನಲ್ಲಿ ಎರಡು ಹಂತಗಳಲ್ಲಿ ಶುದ್ಧೀಕರಿಸಿದ ಕೊಳಚೆ ನೀರು. ಅದು 2018ರ ಜೂನ್‌ನಲ್ಲಿ ನಮ್ಮ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದದ್ದೇ ಅಂತರ್ಜಲ ಮರುಪೂರಣಕ್ಕೆಂದು. ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ನೀರು ಇಂಗುವ ಜಾಗಕ್ಕೇ ಸಿಮೆಂಟ್ ಬಳಿಯುವುದು ಯಾವ ಜಾಣತನ?

ನಾನು ಪಾಲಿಟೆಕ್ನಿಕ್‌ನಲ್ಲಿ ಹೈಡ್ರಾಲಿಕ್ಸ್ (ನೀರಿನ ಹರಿವಿನ ಶಾಸ್ತ್ರ) ಪಾಠ ಹೇಳಿದವನು. ಕಾಲುವೆಗಳ ವಿನ್ಯಾಸಕ್ಕೆ ಇಂದಿಗೂ ಬಳಸುವುದು ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರವನ್ನು. ಅದರಲ್ಲಿ ತಳದ ಒರಟುತನಕ್ಕೆ ಒಂದು ಅಂಕಿ ಇದೆ: ಕಾಂಕ್ರೀಟಿಗೆ 0.015ರ ಆಸುಪಾಸು, ಕಲ್ಲು, ಕಳೆ ಇರುವ ಮಣ್ಣಿನ ಕಾಲುವೆಗೆ 0.035ರಷ್ಟು. ಅಗಲವಾದ ಕಾಲುವೆಯಲ್ಲಿ ಇಳಿಜಾರೂ ನೀರಿನ ಪ್ರಮಾಣವೂ ಅಷ್ಟೇ ಇದ್ದು ತಳ ಮಾತ್ರ ಕಾಂಕ್ರೀಟಾದರೆ ನೀರು ತೆಳುವಾಗಿ, ಒಂದೂವರೆ ಪಟ್ಟಿಗೂ ಮೀರಿದ ವೇಗದಲ್ಲಿ ಓಡುತ್ತದೆ. ಚಲನಶಕ್ತಿ ವೇಗದ ವರ್ಗದಂತೆ ಏರುವುದರಿಂದ ಅದು ಎರಡೂವರೆ ಪಟ್ಟು ದಾಟುತ್ತದೆ.

ಇದೂ ಕಡಿಮೆ ಲೆಕ್ಕವೇ. ಗೇಣು ಆಳದ ನೀರಿನಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲುಗಳಿದ್ದರೆ ತಡೆ ಪುಸ್ತಕದ ಅಂಕಿಯನ್ನೂ ಮೀರುತ್ತದೆ. ಅಲ್ಲಿ ಒಂದು ಹೊಂಗೆ ಎಲೆ ಬಿಟ್ಟು ನೋಡಿ. ಕಲ್ಲಿನ ಪಕ್ಕದಲ್ಲಿ ಸರ್ರನೆ ಜಾರಿ, ಅದರ ಬೆನ್ನಿಗೆ ಸರಿದು ಗಿರಕಿ ಹೊಡೆಯುತ್ತದೆ. ಒಮ್ಮೊಮ್ಮೆ ಹರಿವಿಗೆ ಎದುರಾಗಿ ಹಿಂದಕ್ಕೂ ಬರುತ್ತದೆ. ನೀರು ತನ್ನ ರಭಸವನ್ನು ಕಳೆದುಕೊಳ್ಳುವುದು ಈ ಸುಳಿಗಳಲ್ಲಿ. ಹಾಗೆ ಕಲಕುವಾಗ ಗಾಳಿಯ ಆಮ್ಲಜನಕವೂ ನೀರಿಗೆ ಸೇರುತ್ತದೆ. ಉಳಿದ ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಅದು ಬೇಕೇ ಬೇಕು. ಶುದ್ಧೀಕರಣ ಘಟಕದಲ್ಲಿ ವಿದ್ಯುತ್ ಸುರಿದು ಮಾಡುವ ಕೆಲಸವನ್ನು ನಮ್ಮ ಕಲ್ಲುಗಳು ಬಿಟ್ಟಿಯಾಗಿ ಒಂದಿಷ್ಟು ಮಾಡಿಕೊಡುತ್ತಿವೆ.

ಇನ್ನು ಕಾಂಕ್ರೀಟ್ ಕೊನೆಯಾಗಿ ಮಣ್ಣಿನ ತಳ ಶುರುವಾಗುವ ಜಾಗ. ಒಂದೇ ಮಳೆಗಾಲಕ್ಕೆ ಅಲ್ಲಿ ಎದೆಯಾಳದ ಗುಂಡಿ ಬಿದ್ದಿದೆ. ಅಂಚಿನ ಅಡಿಯ ಮಣ್ಣು ಕೊಚ್ಚಿಹೋಗಿ ಮೊಣಕೈವರೆಗೆ ಕೈ ತೂರಿಸಬಹುದು. ಆ ಮಣ್ಣು ಕೆಳಗಿನ ಕೆರೆಯ ಅಂಗಳದಲ್ಲಿ ಕೂತಿದೆ. ಅದನ್ನು ಎತ್ತಲು ಇನ್ನೊಂದು ಟೆಂಡರ್ ಬರಲಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಹಾಗೆಂದು ಕಾಲುವೆಯನ್ನು ಪಾಳು ಬಿಡಿ ಎನ್ನುತ್ತಿಲ್ಲ. ಜಾಲಿ, ಜೊಂಡು, ಕಟ್ಟಡದ ಅವಶೇಷ, ಪ್ಲಾಸ್ಟಿಕ್ ಸೇರಿ ನೀರು ಪಕ್ಕದ ರಾಗಿ ಹೊಲಕ್ಕೆ ನುಗ್ಗಿದ್ದೂ ಉಂಟು. ಅದನ್ನು ಪ್ರತಿವರ್ಷ ಮುಂಗಾರಿಗೆ ಮೊದಲೇ ತೆಗೆಸಬೇಕು. ಮೋರಿಯ ಕೆಳಗೆ, ಮನೆಗಳಿರುವ ಕಡೆ ಕಾಂಕ್ರೀಟ್ ಗೋಡೆ ಇರಲಿ. ತಿರುವುಗಳಲ್ಲಿ ದಡಕ್ಕೆ ಕಲ್ಲು ಜೋಡಿಸಿದರೆ ಸಾಕು. ತಳ ಮಾತ್ರ ಮಣ್ಣು, ಕಲ್ಲಾಗಿಯೇ ಉಳಿಯಲಿ.

ಉಳಿದ ಕಾಮಗಾರಿ ಶುರುವಾಗುವ ಮೊದಲು ಸಂಬಂಧಪಟ್ಟ ಎಂಜಿನಿಯರುಗಳು ನೀರು ಹರಿಯುವ ದಿನವೇ ಬಂದು ಆ ಗುಂಡಿಯನ್ನು ಅಳೆಯಲಿ. ಟೇಪು ನಾನೇ ತರುತ್ತೇನೆ.

– ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ, ನರಸಾಪುರ ಹೋಬಳಿ, ಕೋಲಾರ ತಾಲ್ಲೂಕು