ಫೋನ್ ಮಾಡಿದವರಿಗೆ, ಜಗಳ ಆಡಿದವರಿಗೆ, ಭಿನ್ನರಾಶಿ ಕಲಿಸಿದವರಿಗೆ

ಸರ್ಕಾರದ ಹಣ ನಿಂತು ಮುಚ್ಚುವ ಭಯದಲ್ಲಿದ್ದ ನಮ್ಮ ಆಫ್ಟರ್‌ಸ್ಕೂಲ್ ಸೆಂಟರ್, ಅಂದರೆ ಅಮೆರಿಕದಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಜಾಗ, ಉಳಿಯಿತು. ಶಾಲೆ ಶುರುವಾದ ವಾರವೇ ಬಾಗಿಲು ತೆಗೆದೆವು. ಹೋದ ವರ್ಷದ ಮಕ್ಕಳಲ್ಲಿ ಹೆಚ್ಚಿನವರು ವಾಪಸ್ ಬಂದಿದ್ದಾರೆ. ಅಕ್ಟೋಬರ್‌ನಲ್ಲಿ ದೇಶದ ತುಂಬ ನಡೆಯುವ ‘ಲೈಟ್ಸ್ ಆನ್ ಆಫ್ಟರ್‌ಸ್ಕೂಲ್’ ಸಂಜೆಯೂ ಗಲಾಟೆಯಾಗಿಯೇ ನಡೆಯಿತು. ವಾಟ್ಸಾಪ್ ಗುಂಪಿನಲ್ಲಿ ಎರಡು ಸಾಲು ಬರೆದು ಕೈ ಮುಗಿಯುವ ಇಮೋಜಿ ಹಾಕಿದ್ದರೆ ಆಗುತ್ತಿತ್ತೇನೋ. ಆದರೆ ಈ ವರ್ಷದ, ಅಂದರೆ 2025ರ, ಜುಲೈನಲ್ಲಿ ನಾನು ಕನ್ನಡ ಕೂಟದ ಯಾರನ್ನೂ ನೆಮ್ಮದಿಯಾಗಿ ಇರಲು ಬಿಟ್ಟಿಲ್ಲ. ಆ ಕಾಟ ಸಹಿಸಿಕೊಂಡವರಿಗೆ ಲೆಕ್ಕ ಒಪ್ಪಿಸದೆ ಹೋದರೆ ತಪ್ಪಾಗುತ್ತದೆ.

ಊರಿನಿಂದ ಓದುತ್ತಿರುವವರಿಗೆ ಸ್ವಲ್ಪ ಹಿನ್ನೆಲೆ. ಅಮೆರಿಕದಲ್ಲಿ ಶಾಲೆ ಬಿಡುವುದು ಮಧ್ಯಾಹ್ನ ಮೂರರ ಆಸುಪಾಸಿಗೆ, ಅಪ್ಪ ಅಮ್ಮ ಕೆಲಸದಿಂದ ಬರುವುದು ಆರಕ್ಕೆ. ನಡುವಿನ ಹೊತ್ತು ಮಗು ಎಲ್ಲಿರಬೇಕು? ನಮ್ಮಂಥ ಐಟಿ ಕುಟುಂಬಗಳು ದುಡ್ಡು ಕೊಟ್ಟು ಈ ಪ್ರಶ್ನೆಯನ್ನು ಬಗೆಹರಿಸಿಕೊಂಡಿವೆ: ಒಂದು ದಿನ ಗಣಿತದ ಕ್ಲಾಸು, ಇನ್ನೊಂದು ದಿನ ಈಜು, ಕರಾಟೆಯವರದೇ ವ್ಯಾನು ಶಾಲೆಯ ಗೇಟಿಗೆ ಬರುತ್ತದೆ. ಹೋಟೆಲಿನಲ್ಲಿ ರೂಮು ಗುಡಿಸುವ, ಗೋದಾಮಿನಲ್ಲಿ ಪೆಟ್ಟಿಗೆ ತುಂಬುವ, ವೃದ್ಧರ ಮನೆಗಳಲ್ಲಿ ಆರೈಕೆ ಮಾಡುವ ತಾಯಂದಿರಿಗೆ ಆ ದಾರಿ ಇಲ್ಲ. ಎಂಟು ವರ್ಷದ ಹುಡುಗಿ ಕೊರಳಲ್ಲಿ ಬೀಗದ ಕೈ ತೂಗಿಹಾಕಿಕೊಂಡು ಮನೆಗೆ ಹೋಗಿ, ನಾಲ್ಕು ವರ್ಷದ ತಮ್ಮನಿಗೆ ಟಿವಿ ಹಾಕಿಕೊಟ್ಟು ಕೂರುತ್ತಾಳೆ. ಹದಿಹರೆಯದವರು ತಪ್ಪುದಾರಿ ಹಿಡಿಯುವುದೂ ಈ ಹೊತ್ತಿನಲ್ಲೇ. ಶಾಲೆ ಇರುವ ದಿನಗಳಲ್ಲಿ ಹುಡುಗರು ಮಾಡುವ ಹಿಂಸೆಯ ಅಪರಾಧಗಳು ಶಾಲೆ ಬಿಟ್ಟ ತಕ್ಷಣದ ಗಂಟೆಗಳಲ್ಲೇ ಅತಿ ಹೆಚ್ಚು ಎಂಬುದು ಇಲ್ಲಿನ ಪೊಲೀಸ್ ದಾಖಲೆಗಳಿಂದ ಎಷ್ಟೋ ವರ್ಷಗಳಿಂದ ಗೊತ್ತಿರುವ ಸಂಗತಿ.

ಈ ಹೊತ್ತಿಗಾಗಿಯೇ ಒಂದು ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಯೋಜನೆ ಇದೆ. ಹೆಸರು ಉದ್ದ: ಟ್ವೆಂಟಿ ಫಸ್ಟ್ ಸೆಂಚುರಿ ಕಮ್ಯುನಿಟಿ ಲರ್ನಿಂಗ್ ಸೆಂಟರ್ಸ್. 1994ರಲ್ಲಿ ಕಾನೂನು ಬಂತು. 1998ರಲ್ಲಿ 4 ಕೋಟಿ ಡಾಲರ್ ಇದ್ದ ಅನುದಾನ 2002ರ ಹೊತ್ತಿಗೆ 100 ಕೋಟಿಗೆ ಏರಿತು, ಈಗ ವರ್ಷಕ್ಕೆ ಸುಮಾರು 130 ಕೋಟಿ. ಇದರಿಂದ ಪ್ರಯೋಜನ ಪಡೆಯುವ ಮಕ್ಕಳು ಹೆಚ್ಚುಕಮ್ಮಿ 14 ಲಕ್ಷ. ಭಾಗಿಸಿ ನೋಡಿ, ಒಂದು ಮಗುವಿಗೆ ವರ್ಷಕ್ಕೆ ಸಾವಿರ ಡಾಲರ್ ಕೂಡ ಆಗುವುದಿಲ್ಲ. ನಮ್ಮಲ್ಲಿ ಅನೇಕರು ಖಾಸಗಿ ಆಫ್ಟರ್‌ಸ್ಕೂಲಿಗೆ ಒಂದೆರಡು ತಿಂಗಳಲ್ಲಿ ಕಟ್ಟುವ ಹಣ ಅದು.

ಜೂನ್ 30ಕ್ಕೆ ಸುದ್ದಿ ಬಂತು. ಮಾರನೇ ದಿನ, ಅಂದರೆ ಜುಲೈ 1ಕ್ಕೆ, ರಾಜ್ಯಗಳಿಗೆ ಸಿಗಬೇಕಿದ್ದ 600 ಕೋಟಿ ಡಾಲರಿಗೂ ಹೆಚ್ಚಿನ ಶಿಕ್ಷಣ ಅನುದಾನವನ್ನು ಫೆಡರಲ್ ಸರ್ಕಾರ ಪರಿಶೀಲನೆಗೆಂದು ತಡೆಹಿಡಿದಿದೆ ಎಂದು. ಆಫ್ಟರ್‌ಸ್ಕೂಲ್ ಹಣವೂ ಅದರಲ್ಲೇ ಸೇರಿತ್ತು. ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ಮಂಜೂರು ಮಾಡಿಯಾಗಿದ್ದ ಹಣ ಅದು. ಹೊರಗಿನವರಿಗೆ ‘ಕೆಲವು ವಾರ ತಡ’ ಅಷ್ಟೇ ಅನ್ನಿಸಬಹುದು. ಆದರೆ ಈ ಗ್ರಾಂಟ್ ನಡೆಯುವ ರೀತಿ ಬೇರೆ. ಕೇಂದ್ರದಿಂದ ಹಣ ರಾಜ್ಯಕ್ಕೆ ಬರುತ್ತದೆ. ರಾಜ್ಯ ಅರ್ಜಿ ಕರೆದು, ಗೆದ್ದವರಿಗೆ ಮೂರರಿಂದ ಐದು ವರ್ಷದ ಅವಧಿಗೆ ಕೊಡುತ್ತದೆ. ಸಾಮಾನ್ಯವಾಗಿ ನಾವು ಮೊದಲು ಖರ್ಚು ಮಾಡಿ, ಬಿಲ್ಲು ತೋರಿಸಿ ಆಮೇಲೆ ಪಡೆಯಬೇಕು. ಜುಲೈನಲ್ಲಿ ಬೇಸಿಗೆ ಶಿಬಿರ ನಡೆಯುತ್ತಿರುತ್ತದೆ. ಮುಂದಿನ ವರ್ಷಕ್ಕೆ ಸಿಬ್ಬಂದಿಯನ್ನು ಗೊತ್ತುಮಾಡಬೇಕಾದ ತಿಂಗಳೂ ಅದೇ. ವಾಪಸ್ ಬರುತ್ತದೋ ಇಲ್ಲವೋ ಗೊತ್ತಿಲ್ಲದ ದುಡ್ಡನ್ನು ನಮ್ಮಂಥ ಸಣ್ಣ ಸಂಸ್ಥೆ ಎಲ್ಲಿಂದ ತಂದು ಖರ್ಚು ಮಾಡೀತು?

ಈಗ ಥ್ಯಾಂಕ್ಸಿನ ಸರದಿ. ಮೊದಲು, ಹಣ ಬಿಡಿಸಿ ಎಂದು ಸೆನೆಟರ್‌ಗಳ, ಅಂದರೆ ಕಾಂಗ್ರೆಸ್‌ನ ಮೇಲ್ಮನೆ ಸದಸ್ಯರ, ಕಚೇರಿಗೆ ಫೋನ್ ಮಾಡಿದವರಿಗೆ.

ನಮ್ಮವರಲ್ಲಿ ಬಹಳ ಮಂದಿಗೆ ಇಲ್ಲಿ ವೋಟಿಲ್ಲ. ಎಚ್‌1ಬಿಯಲ್ಲಿ ಇರುವವರು, ಗ್ರೀನ್ ಕಾರ್ಡಿನ ಸಾಲಿನಲ್ಲಿ ಹತ್ತು ವರ್ಷದಿಂದ ನಿಂತಿರುವವರು. “ನಾವು ಫೋನ್ ಮಾಡಿದರೆ ಯಾರು ಕೇಳ್ತಾರೆ? ಮೇಲಾಗಿ ವೀಸಾಕ್ಕೇನಾದರೂ ತೊಂದರೆ ಆದರೆ?” ಎಂದು ಕೇಳಿದವರ ಭಯ ಸುಮ್ಮನೆ ಹುಟ್ಟಿದ್ದಲ್ಲ. ಆದರೂ ಮಾಡಿದಿರಿ. ಸೆನೆಟರ್ ಕಚೇರಿಯಲ್ಲಿ ಫೋನ್ ಎತ್ತುವುದು ಬಹುಪಾಲು ಇಪ್ಪತ್ತರ ಹರೆಯದ ಹುಡುಗ ಹುಡುಗಿಯರು. ಹೆಸರು, ಜಿಪ್ ಕೋಡ್, ಯಾವ ವಿಷಯ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಆ ಸೆನೆಟರ್ ಪ್ರತಿನಿಧಿಸುವ ರಾಜ್ಯದಲ್ಲಿ ವಾಸವಾಗಿದ್ದರೆ ಸಾಕು. ಮೊದಲ ಸಲ ಫೋನ್ ಮಾಡಿದ ಗೆಳತಿಯೊಬ್ಬಳು ಹೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಳು. ಅರ್ಧ ಓದುವಷ್ಟರಲ್ಲಿ ಆ ಕಡೆಯ ಹುಡುಗ, “ಮೇಡಂ, ನನ್ನ ಅಮ್ಮನೂ ಆಫ್ಟರ್‌ಸ್ಕೂಲ್‌ನಲ್ಲೇ ಕೆಲಸ ಮಾಡುತ್ತಿದ್ದಳು” ಎಂದನಂತೆ. ಇವಳು ಚೀಟಿ ಬದಿಗಿಟ್ಟು ಮಾತಾಡಿದಳು. ಮರುದಿನ ಗಂಡನ ಕೈಯಲ್ಲೂ ಮಾಡಿಸಿದಳು, ಅದರ ಮರುದಿನ ಅತ್ತೆಯ ಕೈಯಲ್ಲೂ!

ನಮ್ಮ ಫೋನುಗಳಿಂದಲೇ ಹಣ ಬಂತು ಎಂದು ಕೊಚ್ಚಿಕೊಳ್ಳುವುದಿಲ್ಲ. ಜುಲೈ 14ಕ್ಕೆ 20ಕ್ಕೂ ಹೆಚ್ಚು ರಾಜ್ಯಗಳು ಸೇರಿ ರೋಡ್ ಐಲೆಂಡ್‌ನ ಫೆಡರಲ್ ನ್ಯಾಯಾಲಯಕ್ಕೆ ಹೋದವು. ಎರಡು ದಿನ ಕಳೆದು, ಪಶ್ಚಿಮ ವರ್ಜೀನಿಯಾದ ಶೆಲ್ಲಿ ಮೂರ್ ಕ್ಯಾಪಿಟೊ ಅವರ ಮುಂದಾಳತ್ವದಲ್ಲಿ ಆಳುವ ಪಕ್ಷದ 10 ಸೆನೆಟರ್‌ಗಳೇ ಹಣ ಬಿಡಿ ಎಂದು ಪತ್ರ ಬರೆದರು. 18ಕ್ಕೆ ಆಫ್ಟರ್‌ಸ್ಕೂಲ್ ಹಣ ಬಿಡುಗಡೆಯಾಯಿತು, ಉಳಿದದ್ದನ್ನೂ ಬಿಡುತ್ತೇವೆಂದು 25ಕ್ಕೆ ಪ್ರಕಟಿಸಿದರು. ನಾನು ಗಮನಿಸಿದ್ದು ಇಷ್ಟು: ಎಲ್ಲ ಬಾಬತ್ತುಗಳಿಗಿಂತ ಮೊದಲು ಬಿಟ್ಟದ್ದು ಈ ಹಣವನ್ನು. ಸೆನೆಟರ್‌ಗಳು ತಾವಾಗಿ ಕೂತು ಆಫ್ಟರ್‌ಸ್ಕೂಲ್ ಬಗ್ಗೆ ಯೋಚಿಸುವುದಿಲ್ಲ. ಅವರ ಕಚೇರಿಯ ಫೋನು ದಿನವಿಡೀ ಬಡಿದುಕೊಳ್ಳುತ್ತಿದ್ದರೆ ಯೋಚಿಸುತ್ತಾರೆ.

ಇನ್ನು ದುಡ್ಡು ಕೊಟ್ಟವರಿಗೆ. ಇಲ್ಲಿ ಸ್ವಲ್ಪ ಮನಸ್ಸು ಬಿಚ್ಚಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಣ ನಿಂತ ವಾರವೇ ನೀವು ಕೈಲಾದಷ್ಟು ಕೂಡಿಸಿಕೊಟ್ಟಿರಿ. ಮಗನ ಹುಟ್ಟುಹಬ್ಬದ ಪಾರ್ಟಿ ಬಿಟ್ಟು ಆ ದುಡ್ಡು ತಂದುಕೊಟ್ಟವರೂ ಇದ್ದಾರೆ. ಆ ಹಣದಲ್ಲಿ ಬೇಸಿಗೆ ಶಿಬಿರ ನಡೆಸುವ ಹುಡುಗರ ಸಂಬಳ ಹೋಯಿತು, ಒಂದು ದಿನವೂ ಬಾಗಿಲು ಹಾಕಲಿಲ್ಲ. ನಿಮ್ಮ ಋಣ ದೊಡ್ಡದು. ಆದರೂ ಅದೇ ಹಣವನ್ನು ಮುಂದಿನ ವರ್ಷವೂ ನಿಮ್ಮಿಂದ ಕೇಳುವ ಪರಿಸ್ಥಿತಿ ಬರಬಾರದು ಎಂಬುದೇ ನನ್ನ ಆಸೆ. ನಮ್ಮ ಸೆಂಟರಿಗೆ ಕನ್ನಡ ಕೂಟ ಸಿಕ್ಕಿತು. ನದಿಯಾಚೆಯ ಶಾಲೆಯ ಸೆಂಟರಿಗೆ ಯಾರು ಸಿಕ್ಕಾರು? ದಾನ ಹೋಗುವುದು ಪರಿಚಯ ಇದ್ದ ಕಡೆಗೆ. ಬಡ ಬಡಾವಣೆಗಳಿಗೆ ಇಲ್ಲದಿರುವುದೇ ಆ ಪರಿಚಯ.

ಇದನ್ನು ನನಗಿಂತ ಚೆನ್ನಾಗಿ ಹೇಳಿದವರು ನಮ್ಮ ಸೆಂಟರಿನ ತಾತ. ಮಗಳ ಮನೆಯಲ್ಲಿರುವ ನಿವೃತ್ತ ಗಣಿತ ಮೇಷ್ಟ್ರು. ಸರ್ಕಾರಿ ಶಾಲೆಯಲ್ಲಿ ಜೀವನ ಸವೆಸಿದವರು. ವಾರಕ್ಕೆರಡು ಸಂಜೆ ಬಂದು ಮಕ್ಕಳಿಗೆ ಭಿನ್ನರಾಶಿ ಹೇಳಿಕೊಡುತ್ತಾರೆ. ಅವರ ಇಂಗ್ಲಿಷ್ ಮಕ್ಕಳಿಗೆ ಪೂರ್ತಿ ತಿಳಿಯುವುದಿಲ್ಲ, ಮಕ್ಕಳ ಇಂಗ್ಲಿಷ್ ಅವರಿಗೆ ಸುತರಾಂ ತಿಳಿಯುವುದಿಲ್ಲ. ಕಾಗದ ಮಡಿಸುತ್ತಾರೆ. ಅರ್ಧ, ಕಾಲು, ಅರೆಕಾಲು. ಮಡಿಸಿದ ಕಾಗದಕ್ಕೆ ಬಣ್ಣ ಹಚ್ಚಿಸಿ ಬಿಚ್ಚಿಸುತ್ತಾರೆ. ಕಾಲಿಗಿಂತ ಅರೆಕಾಲು ಚಿಕ್ಕದು ಎಂದು ಬಾಯಲ್ಲಿ ಹೇಳುವುದೇ ಇಲ್ಲ. ಹಿಂದಿನ ಬೆಂಚಿನಲ್ಲಿ ಹೂಡಿಯೊಳಗೆ ತಲೆ ಹುದುಗಿಸಿ ಕೂರುತ್ತಿದ್ದ ಒಬ್ಬ ಹುಡುಗ, ಎಂಟು ನಾಲ್ಕಕ್ಕಿಂತ ದೊಡ್ಡದಾದರೂ ಎಂಟನೇ ಒಂದು ಹೇಗೆ ಚಿಕ್ಕದಾಯಿತು ಎಂದು ಇನ್ನೊಬ್ಬನ ಹತ್ತಿರ ಜಗಳಕ್ಕೆ ಬಿದ್ದ. ತಾತ ಬಿಡಿಸಲಿಲ್ಲ, ಇಬ್ಬರಿಗೂ ಇನ್ನೆರಡು ಹಾಳೆ ಕೊಟ್ಟರು.

ಹಣ ನಿಂತ ಸುದ್ದಿ ಕೇಳಿ ಅವರು ನೆನಪಿಸಿದ್ದು ಅಕ್ಷರ ದಾಸೋಹವನ್ನು. “ಮಠಗಳಲ್ಲಿ ಮಕ್ಕಳಿಗೆ ಊಟ ಹಾಕೋದು ಹಿಂದಿನಿಂದ ಇತ್ತಮ್ಮ, ದೊಡ್ಡ ಕೆಲಸ ಅದು. ಆದರೆ ಮಠ ಇದ್ದ ಊರಿಗೆ ಮಾತ್ರ. 2001ರಲ್ಲಿ ಸುಪ್ರೀಂ ಕೋರ್ಟು ಬಿಸಿಯೂಟ ಕೊಡಲೇಬೇಕು ಅಂತು, ಮಾರನೇ ವರ್ಷ ನಮ್ಮಲ್ಲಿ ಶುರುವಾಯಿತು. ಬಜೆಟ್‌ನಲ್ಲಿ ಬಂದ ಮೇಲೇ ಅಲ್ಲವೇ ಎಲ್ಲ ಶಾಲೆಗೂ ಅನ್ನ ಬಂದದ್ದು? ಅನ್ನ ತಡವಾದರೆ ಕೇಳುವ ಬಾಯಿ ಬಂದದ್ದೂ ಆಗಲೇ.” ಈ ಮಾತನ್ನೇ ಇಂಗ್ಲಿಷಿಗೆ ತಿರುಗಿಸಿ ಸೆನೆಟರಿಗೆ ಪತ್ರ ಬರೆದೆ. ಮೇಷ್ಟ್ರೇ, ನಿಮಗೆ ನಮಸ್ಕಾರ.

ಜಗಳ ಆಡಿದವರಿಗೂ ಥ್ಯಾಂಕ್ಸ್, ತಮಾಷೆಗಲ್ಲ. ಗುಂಪಿನಲ್ಲಿ ಒಬ್ಬರು ನೇರವಾಗಿ ಕೇಳಿದರು, “ನಮ್ಮ ಟ್ಯಾಕ್ಸ್ ದುಡ್ಡಿನಲ್ಲಿ ಬೇರೆಯವರ ಮಕ್ಕಳನ್ನು ನೋಡಿಕೊಳ್ಳಬೇಕಾ? ಇದರಿಂದ ಮಾರ್ಕ್ಸ್ ಏರಿದ್ದಕ್ಕೆ ಪುರಾವೆ ಎಲ್ಲಿದೆ?” ಕೆಲವರು ಅವರ ಮೇಲೆ ಮುಗಿಬಿದ್ದರು. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. 2017ರಲ್ಲಿ ಈ ಯೋಜನೆಯನ್ನೇ ರದ್ದು ಮಾಡಬೇಕೆಂಬ ಪ್ರಸ್ತಾವ ಬಜೆಟ್‌ನಲ್ಲಿ ಬಂದಾಗಲೂ ಕೊಟ್ಟ ಕಾರಣ ಇದೇ. ಕಾಂಗ್ರೆಸ್ ಆಗ ಒಪ್ಪಲಿಲ್ಲ. ಓದಿ ನೋಡಿದರೆ ಉತ್ತರ ಅಷ್ಟು ಸಲೀಸಾಗಿಲ್ಲ. 2000ದ ದಶಕದಲ್ಲಿ ಸರ್ಕಾರವೇ ಮಾಡಿಸಿದ ದೊಡ್ಡ ಅಧ್ಯಯನದಲ್ಲಿ ಪರೀಕ್ಷೆಯ ಅಂಕಗಳು ಹೆಚ್ಚೇನೂ ಏರಿರಲಿಲ್ಲ. ಆಮೇಲೆ ಡರ್ಲಾಕ್ ಮತ್ತು ವೈಸ್‌ಬರ್ಗ್ ಎಂಬ ಸಂಶೋಧಕರು ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಹಂತ ಹಂತವಾಗಿ, ಮಕ್ಕಳ ಕೈಯಲ್ಲೇ ಮಾಡಿಸುತ್ತ, ಇಂಥದ್ದನ್ನು ಕಲಿಸುತ್ತೇವೆಂದು ಗೊತ್ತುಮಾಡಿಕೊಂಡು ನಡೆಸಿದ ಕಡೆ ನಡತೆ, ಆತ್ಮವಿಶ್ವಾಸ, ಓದು ಎಲ್ಲದರಲ್ಲೂ ಲಾಭ ಕಂಡಿತು. ಸುಮ್ಮನೆ ಕೂರಿಸಿದ ಕಡೆ ಕಾಣಲಿಲ್ಲ. ಅಂದರೆ ಹಣ ಅರೆಬರೆ ಕೊಟ್ಟರೆ ಸಿಗುವುದು ಮಕ್ಕಳನ್ನು ಕೂಡಿಹಾಕುವ ಕೋಣೆ ಮಾತ್ರ. ನನ್ನ ಮಟ್ಟಿಗೆ, ಅಂಕದ ಮಾತು ಆಮೇಲೆ. ಆರು ಗಂಟೆಯವರೆಗೆ ಮಗು ಕ್ಷೇಮವಾಗಿದೆ ಎಂದು ಗೊತ್ತಿರುವ ತಾಯಿ ಪೂರ್ತಿ ಶಿಫ್ಟ್ ದುಡಿಯುತ್ತಾಳೆ. ಅದು ಯಾವ ಪರೀಕ್ಷೆಯಲ್ಲೂ ಕಾಣುವುದಿಲ್ಲ.

ಅಂದಹಾಗೆ, ಆ ಪ್ರಶ್ನೆ ಕೇಳಿದ ಮಹಾನುಭಾವರೇ ಆಮೇಲೆ ನಮ್ಮ ಖರ್ಚುವೆಚ್ಚದ ಎಕ್ಸೆಲ್ ಶೀಟು ಸರಿಮಾಡಿಕೊಟ್ಟರು. ಯೋಜನೆ ಬೇಕೋ ಬೇಡವೋ ಎಂಬ ಬಗ್ಗೆ ಅವರ ಅಭಿಪ್ರಾಯ ಬದಲಾಗಿಲ್ಲವಂತೆ. ಇರಲಿ, ಶೀಟಂತೂ ಚೊಕ್ಕವಾಗಿದೆ.

ಸೆಂಟರಿನ ತಾಯಂದಿರಿಗೆ ಕನ್ನಡದಲ್ಲಿ ಥ್ಯಾಂಕ್ಸ್ ಹೇಳಿ ಏನು ಪ್ರಯೋಜನ ಎನ್ನಬಹುದು, ಅವರು ಇದನ್ನು ಓದುವುದಿಲ್ಲ. ನೀವು ಓದಬೇಕೆಂದೇ ಬರೆಯುತ್ತಿದ್ದೇನೆ. ಶಾಲಾ ಮಂಡಳಿಯ ಸಭೆಯಲ್ಲಿ ಮಾತಾಡಲು ಒಬ್ಬ ತಾಯಿ ಅರ್ಧ ದಿನದ ಕೂಲಿ ಬಿಟ್ಟು ಬಂದಳು. ಗಂಟೆ ಲೆಕ್ಕದ ಸಂಬಳದವರಿಗೆ ರಜೆ ಎಂದರೆ ದುಡ್ಡು ಕಡಿತ. ಕೆಲಸದ ಸಮವಸ್ತ್ರದಲ್ಲೇ ಬಂದಿದ್ದಳು, ಎದೆಯ ಮೇಲೆ ಹೆಸರಿನ ಬಿಲ್ಲೆ. ಒಬ್ಬೊಬ್ಬರಿಗೆ ಎರಡು ನಿಮಿಷ, ದುಭಾಷಿಯ ಮೂಲಕ. ಬೇಡಿಕೊಳ್ಳುವ ಧಾಟಿ ಒಂದಿಷ್ಟೂ ಇರಲಿಲ್ಲ. “ನಾನೂ ತೆರಿಗೆ ಕಟ್ಟುತ್ತೇನೆ. ನನ್ನ ಮಗಳಿಗೆ ಮೂರು ಗಂಟೆಯ ಮೇಲೂ ನಿಮ್ಮ ಊರಿನಲ್ಲಿ ಜಾಗ ಇದೆಯೇ?” ಎಂದು ಕೇಳಿ ಕೂತಳು. ನಾನು ತಯಾರಿ ಮಾಡಿಕೊಂಡು ಹೋಗಿದ್ದ ಅಂಕಿಅಂಶದ ಭಾಷಣ ಆಮೇಲೆ ಯಾರಿಗೂ ಬೇಕಾಗಿರಲಿಲ್ಲ, ನನಗೂ ಕೂಡ.

ಸಿಬ್ಬಂದಿಯ ಬಗ್ಗೆ ಹೇಳುವಾಗ ಸಂತೋಷದ ಜೊತೆ ಸಂಕಟವೂ ಇದೆ. ಹೆಚ್ಚಿನವರು ಅರೆಕಾಲಿಕ ಹುಡುಗರು, ಬೆಳಿಗ್ಗೆ ಕಾಲೇಜಿಗೆ ಹೋಗಿ ಮಧ್ಯಾಹ್ನ ಇಲ್ಲಿಗೆ ಬರುವವರು. ಸಂಬಳ ಖಾತ್ರಿ ಇಲ್ಲದ ಆ ವಾರಗಳಲ್ಲೂ ಬಹುಪಾಲು ಮಂದಿ ಬಿಟ್ಟು ಹೋಗಲಿಲ್ಲ. ಹೋದವಳೊಬ್ಬಳು, ಪುಟ್ಟ ಮಕ್ಕಳ ಗುಂಪನ್ನು ನೋಡಿಕೊಳ್ಳುತ್ತಿದ್ದವಳು, ಬೇರೆ ಕೆಲಸ ಹಿಡಿದಳು. ಬಾಡಿಗೆ ಕಟ್ಟಬೇಕಲ್ಲ, ಅವಳನ್ನು ದೂರುವಂತಿಲ್ಲ. ಹಣ ವಾಪಸ್ ಬಂತು, ಅವಳು ಬರಲಿಲ್ಲ. ಅವಳ ಜಾಗಕ್ಕೆ ಇನ್ನೂ ಸರಿಯಾದವರು ಸಿಕ್ಕಿಲ್ಲವಾದ್ದರಿಂದ ಪುಟಾಣಿಗಳ ವೇಯ್ಟ್‌ಲಿಸ್ಟ್ ಉದ್ದವಾಗಿಯೇ ಇದೆ.

ಸಂಜೆಯ ತಿಂಡಿಯೂ ಸಾರ್ವಜನಿಕ ಹಣದ್ದೇ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಶಾಲೆಯ ಕನಿಷ್ಠ ಅರ್ಧದಷ್ಟು ಮಕ್ಕಳು ಉಚಿತ ಅಥವಾ ರಿಯಾಯಿತಿ ದರದ ಊಟಕ್ಕೆ ಅರ್ಹರಾಗಿದ್ದರೆ, ಆ ಪ್ರದೇಶದ ಸೆಂಟರಿಗೆ ತಿಂಡಿ, ರಾತ್ರಿಯೂಟದ ಖರ್ಚನ್ನು ಇನ್ನೊಂದು ಫೆಡರಲ್ ಯೋಜನೆ ಭರಿಸುತ್ತದೆ. 2010ರ ಕಾನೂನಿನಿಂದ ರಾತ್ರಿಯೂಟವೂ ಎಲ್ಲ ರಾಜ್ಯಗಳಿಗೆ ಬಂತು. ಆದರೆ ಸೆಂಟರ್ ತೆರೆದಿದ್ದರೆ ತಾನೇ ತಟ್ಟೆ ಇಡುವುದು.

ಮುಂದೇನು ಎಂದು ಕೇಳುತ್ತಿದ್ದೀರಿ. 2026ರ ಹಣಕಾಸು ವರ್ಷಕ್ಕೆ ಅಧ್ಯಕ್ಷರು ಕಳಿಸಿದ ಬಜೆಟ್‌ನಲ್ಲಿ ಇದನ್ನೂ ಸೇರಿಸಿ 18 ಶಿಕ್ಷಣ ಯೋಜನೆಗಳನ್ನು ಒಂದೇ 200 ಕೋಟಿ ಡಾಲರಿನ ಅನುದಾನವಾಗಿ ಕರಗಿಸುವ ಪ್ರಸ್ತಾವ ಇದೆ. ಆಫ್ಟರ್‌ಸ್ಕೂಲ್ ಒಂದಕ್ಕೇ ಈಗ 130 ಕೋಟಿ ಹೋಗುತ್ತಿರುವಾಗ ಆ ಲೆಕ್ಕ ಹೇಗೆ ಸರಿಹೋಗುತ್ತದೆ ಎಂಬುದನ್ನು ನಮ್ಮ ಎಕ್ಸೆಲ್ ಮಹಾನುಭಾವರೇ ಹೇಳಬೇಕು. ಹಾಗಾಗಿ ವಾಷಿಂಗ್ಟನ್ನನ್ನೇ ನಂಬಿ ಕೂರದೆ ರಾಜ್ಯದ ಬಜೆಟ್‌ನಲ್ಲೂ ಒಂದು ಸಾಲು ಬೇಕೆಂದು ಕೇಳಲು ಹೊರಟಿದ್ದೇವೆ. ಇದು ಆಗದ ಹೋಗದ ಮಾತಲ್ಲ. ಕ್ಯಾಲಿಫೋರ್ನಿಯಾದಲ್ಲಿ 2002ರಲ್ಲಿ ಜನರೇ ಮತ ಹಾಕಿ ‘ಪ್ರಾಪೊಸಿಷನ್ 49’ ಗೆಲ್ಲಿಸಿದರು, ವರ್ಷಕ್ಕೆ 55 ಕೋಟಿ ಡಾಲರ್ ಆಫ್ಟರ್‌ಸ್ಕೂಲಿಗೆ ಮೀಸಲಾಯಿತು. ಅದರ ಪ್ರಚಾರಕ್ಕೆ ನಿಂತವರು ಆಗಿನ್ನೂ ಗವರ್ನರ್ ಆಗಿರದ ನಟ ಆರ್ನಾಲ್ಡ್ ಶ್ವಾರ್ಜನೆಗರ್. ನಮ್ಮಲ್ಲಿ ನಟರಿಲ್ಲ, ತಾತ ಇದ್ದಾರೆ.

ಜುಲೈನ ಫೋನ್ ನಂಬರ್ ಪಟ್ಟಿ ಡಿಲೀಟ್ ಮಾಡಬೇಡಿ, ಶಾಸಕರ ನಂಬರುಗಳನ್ನು ಅದಕ್ಕೇ ಸೇರಿಸಿ ಕಳಿಸುತ್ತೇನೆ. ತಾತ ಚಳಿಗಾಲಕ್ಕೆ ಊರಿಗೆ ಹೊರಡುತ್ತಿದ್ದಾರೆ, ಮಾರ್ಚ್‌ವರೆಗೆ ಮಂಗಳವಾರ ಮತ್ತು ಗುರುವಾರದ ನಾಲ್ಕು ಗಂಟೆಗೆ ಗಣಿತಕ್ಕೆ ಯಾರೂ ಇಲ್ಲ. ಬರಬಲ್ಲವರು ನನಗೊಂದು ಮೆಸೇಜ್ ಹಾಕಿ. ಹಿನ್ನೆಲೆ ತಪಾಸಣೆ ಮುಗಿಯಲು ಕೆಲವು ವಾರ ಹಿಡಿಯುವುದರಿಂದ ಅರ್ಜಿ ಈಗಲೇ ಕೊಟ್ಟರೆ ಒಳ್ಳೆಯದು. ಮಡಿಸಲು ಕಾಗದ ಸೆಂಟರಿನಲ್ಲಿ ಬೇಕಾದಷ್ಟಿದೆ.